ಮೆಟ್ಟಿಲು ಇಳೀರಿ ಎಂದ ದನಿ

ಪರದೆಯ ನಡುವೆ ಬಿಳಿ ಚುಕ್ಕಿಗಳ ಉಂಗುರ ಸುತ್ತುತ್ತಲೇ ಇತ್ತು.

“ಇನ್ನೂ ಹೊತ್ತು ಐತ್ರಿ,” ಎಂದಳು ಮರುಳಸಿದ್ದಮ್ಮ. “ಚಾ ಕಾಸಿ, ಸೋಸಿ, ಕುಡುದು ಲೋಟ ತೊಳದಿಟ್ರೂ ಇದು ಏಳಂಗಿಲ್ಲ. ಎದ್ದ ಮ್ಯಾಲೆ ಏನಾಗತೈತಿ, ನೀವ ಕೇಳ್ರಿ.”

ಕಡ್ಡಿರಾಂಪುರದ ಆ ಹೋಂಸ್ಟೇಯ ಹಿಂದಿನ ಕೋಣೆಗೆ ನಡುಮಧ್ಯಾಹ್ನದಲ್ಲೂ ಬಿಸಿಲು ಬರುತ್ತಿರಲಿಲ್ಲ. ಕಿಟಕಿಯಾಚೆ ಬಾಳೆತೋಟ, ಅದರಾಚೆ ಒಂದರ ಮೇಲೊಂದು ಕುಳಿತ ಬಂಡೆಗಳು. ಸಬ್ ಇನ್ಸ್‌ಪೆಕ್ಟರ್ ಯಶೋಧರಾ ಕುರ್ಚಿಯ ತುದಿಯಲ್ಲಿ ಕುಳಿತು ಮೇಜಿನ ಕೆಳಗಿದ್ದ ಕಂಪ್ಯೂಟರಿನ ಸದ್ದನ್ನು ಆಲಿಸಿದಳು. ಒಳಗಿನ ಫ್ಯಾನು ಏದುಸಿರು ಬಿಡುತ್ತಿತ್ತು. ಅದರ ಪುಟ್ಟ ದೀಪ ಒಂದೇ ಸಮನೆ ಮಿಣುಕುತ್ತಿತ್ತು. ಯಾರೂ ಏನೂ ಮಾಡಿಸದಿದ್ದರೂ ಅದಕ್ಕೆ ಮೈತುಂಬ ಕೆಲಸ.

ಈ ಮನೆಯ ಯಜಮಾನ, ಗೈಡ್ ಹಂಪೇಶ್, ಬುಕ್ಕಸಾಗರದ ಹತ್ತಿರ ಹೊಳೆಯಲ್ಲಿ ಮುಳುಗಿದನೆಂದು ಊರು ನಂಬಿ ತಿಂಗಳಾಗುತ್ತ ಬಂದಿತ್ತು. ಮಗುಚಿದ ಹರಿಗೋಲು ಸಿಕ್ಕಿತ್ತು, ಚಪ್ಪಲಿ ಸಿಕ್ಕಿತ್ತು, ಹೆಣ ಮಾತ್ರ ಸಿಕ್ಕಿರಲಿಲ್ಲ.

ಉಂಗುರ ಮಾಯವಾಯಿತು. ಕಲ್ಲಿನ ರಥದ ಚಿತ್ರವಿದ್ದ ಪರದೆ ತೆರೆದುಕೊಂಡಿತು. ಮರುಳಸಿದ್ದಮ್ಮ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಗೋಡೆಗೆ ಒರಗಿದಳು.

ಸ್ಪೀಕರು ಒಮ್ಮೆ ಚುರ್ರೆಂದಿತು. ಆಮೇಲೆ ಅವನು ಮಾತಾಡಿದ.

“ಬರ್ರಿ. ಇಲ್ಲಿ ಸ್ವಲ್ಪ ನಿಲ್ರಿ. ಎಡಗೈಲೆ ಗ್ವಾಡಿ ಹಿಡಕೊಂಡು ಒಂದೊಂದ ಮೆಟ್ಟಿಲು ಇಳೀರಿ. ಕೆಳಗ ತಂಪು ಐತಿ. ಹೆದರಬ್ಯಾಡ್ರಿ. ನಾ ಮುಂದ ಅದೀನಿ.”

ಆ ದನಿ ಯಶೋಧರಾಳಿಗೆ ಹೊಸದಲ್ಲ. ಹೊಸಪೇಟೆಗೆ ವರ್ಗವಾಗಿ ಬಂದ ಹೊಸದರಲ್ಲಿ ಅವಳು ಇದೇ ದನಿಯನ್ನು ಕಿವಿಯಲ್ಲಿಟ್ಟುಕೊಂಡು ಹಂಪಿಯನ್ನೆಲ್ಲ ಸುತ್ತಿದ್ದಳು. ಪ್ರವಾಸಿಗರು ಫೋನಿನಲ್ಲಿ ಕೇಳಲೆಂದು ಹಂಪೇಶ್ ತಾನೇ ಮಾತಾಡಿ ಮುದ್ರಿಸಿದ್ದ ವಿವರಣೆ ಅದು. ಆಗ ಆ ದನಿಯಲ್ಲಿ ನಗುವಿತ್ತು. ಈ ಕೋಣೆಯಲ್ಲಿ ಅದೇ ನಗು ಬೇರೆಯೇ ಕೇಳುತ್ತಿತ್ತು.

“ಇದು ಮಲಪನಗುಡಿ ಬಾವಿದು, ಅಲ್ಲಕ್ಕ?”

“ಹೌದ್ರಿ. ಅವ್ರ ರೆಕಾರ್ಡ್ ಅನ್ನೋದು ನನಗೂ ಗೊತ್ತೈತಿ. ನಾ ಅಷ್ಟೂ ತಿಳೀಲಾರದಾಕಿ ಅಲ್ಲ,” ಎಂದಳು ಮರುಳಸಿದ್ದಮ್ಮ. “ಆದ್ರ ಇದರಾಗ ವಿರೂಪಾಕ್ಷ ಗುಡಿದು ಐತಿ, ಕಮಲ ಮಹಲಿಂದು ಐತಿ, ಆನಿ ಲಾಯದ್ದು ಐತಿ. ಅವೆಲ್ಲ ಬಿಟ್ಟು ಇದೊಂದ ಯಾಕ ಹೇಳತಾರ? ಹೊಳ್ಯಾಗ ಹೋದಾವ್ರು ನನ್ನ ನೀರಿಗೇ ಯಾಕ ಕರೀತಾರ?”

ಕಳೆದ ಸೋಮವಾರ ಬೆಳಗಿನ ಜಾವ ಈ ಹೆಂಗಸು ಒಬ್ಬಳೇ ಮಲಪನಗುಡಿಗೆ ಹೋಗಿ ಆ ಹಳೆಯ ಬಾವಿಯ ಮೆಟ್ಟಿಲಿಳಿದಿದ್ದಳು. ಹೂವು ಕೀಳಲು ಹೊರಟಿದ್ದ ಕರೆಮ್ಮ ಎಂಬಾಕೆ ಕಂಡು ಓಡಿಬಂದು ಜುಟ್ಟು ಹಿಡಿದೆಳೆಯದಿದ್ದರೆ ಅದು ಎರಡನೆಯ ಸಾವಾಗುತ್ತಿತ್ತು. ಕರೆಮ್ಮನೇ ಠಾಣೆಗೆ ಬಂದು, “ಆ ಯಮ್ಮನ ಕಂಪ್ಯೂಟ್ರಿನಾಗ ಗಂಡ ಕುಂತಾನಂತ್ರಿ,” ಎಂದು ಹೇಳಿದ್ದಳು.

“ಈ ದನಿ ಸುದ್ದಿ ಮತ್ತ್ಯಾರಿಗೆ ಗೊತ್ತು?”

“ಕರೆಮ್ಮಗ. ಈಗ ನಿಮಗ. ಹುಚ್ಚಿ ಅಂತಾರಂತ ಮನಿಯವ್ರಿಗೂ ಹೇಳಿಲ್ರಿ.”

ಯಶೋಧರಾ ಮೌಸಿಗೆ ಕೈ ಹಾಕಿದಳು. ಒಂದು ವರ್ಷ ಸೈಬರ್ ವಿಭಾಗದಲ್ಲಿದ್ದಾಗ ಇಂಥ ಮುದಿ ಕಂಪ್ಯೂಟರುಗಳನ್ನು ಅವಳು ಬೇಕಾದಷ್ಟು ನೋಡಿದ್ದಳು. ಹೊಸದೇನನ್ನೂ ಹಾಕಬೇಕಿರಲಿಲ್ಲ. ಯಂತ್ರದಲ್ಲಿ ಯಾವ ಕೆಲಸ ನಡೆದಿದೆಯೆಂದು ತೋರಿಸಲು ಅದರೊಳಗೇ ಇದ್ದ ಟಾಸ್ಕ್ ಮ್ಯಾನೇಜರನ್ನು ತೆರೆದಳು. ಅದು ತೆರೆದುಕೊಳ್ಳಲೂ ಗೋಳಾಡಿತು. ಅದರಲ್ಲಿ ಸ್ಟಾರ್ಟ್‌ಅಪ್ ಎಂಬ ಭಾಗ. ಕಂಪ್ಯೂಟರು ಏಳುತ್ತಿದ್ದಂತೆ ತಾವೂ ಎದ್ದು ಕೂರುವ ಕಾರ್ಯಕ್ರಮಗಳೆಲ್ಲ ಅಲ್ಲಿ ಸಾಲಾಗಿ ಕಂಡವು. ಎಂದೋ ಕೆಟ್ಟುಹೋದ ಪ್ರಿಂಟರಿನದು, ಯಾವುದೋ ಆಟದ್ದು, ಮುಗಿದುಹೋದ ಆ್ಯಂಟಿವೈರಸ್ಸಿನದು.

ಅವುಗಳ ನಡುವೆ ಒಂದು ಹಾಡಿನ ಗುರುತು.

ಯಶೋಧರಾ ಅದು ಇರುವ ಜಾಗವನ್ನು ತೆರೆಸಿದಳು. ಬಾವಿಯ ವಿವರಣೆಯ ತುಣುಕು. ಯಾರೋ ಅದನ್ನು ನಕಲು ಮಾಡಿ, ಕಂಪ್ಯೂಟರು ಎದ್ದಾಗಲೆಲ್ಲ ನುಡಿಯುವಂತೆ ತಂದಿಟ್ಟಿದ್ದರು. ಇಟ್ಟ ತಾರೀಖೂ ಅಲ್ಲೇ ಇತ್ತು.

“ಅಕ್ಕ, ಇಲ್ಲಿ ನೋಡ್ರಿ. ಈ ದಿನ ಮನ್ಯಾಗ ಏನಿತ್ತು?”

ಮರುಳಸಿದ್ದಮ್ಮ ಬಗ್ಗಿ ನೋಡಿದಳು.

“ಅವತ್ತು ಅವ್ರ ಶಿವಗಣಾರಾಧನಿ.”

“ಸತ್ತಾರ ಅಂತ ಆರಾಧನಿ ಮಾಡಿದ ದಿನ ಅವ್ರ ಬಂದು ಇದನ್ನ ಇಲ್ಲಿ ಇಟ್ರೇನು? ಯಾರೋ ಕೈಲೆ ಮಾಡ್ಯಾರಕ್ಕ. ಈ ಕೋಣ್ಯಾಗ ಅವತ್ತು ಯಾರಿದ್ರು?”

“ಮನಿ ತುಂಬ ಮಂದಿ.” ಅವಳು ಕಣ್ಣು ಮುಚ್ಚಿ ನೆನೆದಳು. “ಜಂಗಮರು ಊಟಕ್ಕ ಕುಂತಾಗ ಇಲ್ಲಿ ಮಹಾಂತೇಶ ಒಬ್ಬನ ಇದ್ದ. ನನ್ನ ಮೈದುನ. ಅಣ್ಣಂದು ಚಲೋ ಫೋಟೋ ಹುಡುಕತೀನಿ, ಫ್ರೇಮ್ ಹಾಕಸ್ಬೇಕು ಅಂದ.”

ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನೋಡಿಕೊಳ್ಳುವ ಮಹಾಂತೇಶ. ಅಣ್ಣ ಕಾಣೆಯಾದಾಗ ಹೊಳೆಯ ದಂಡೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಅತ್ತವನು.

ಯಶೋಧರಾ ಅನಗತ್ಯವಾದ ಒಂದೊಂದನ್ನೇ ನಿಲ್ಲಿಸಿದಳು. ಬಾವಿಯ ದನಿಯನ್ನು ಸಾಕ್ಷಿಗೆಂದು ಪೆನ್‌ಡ್ರೈವಿಗೆ ಇಳಿಸಿಕೊಂಡು, ಆಮೇಲೆ ಅದನ್ನೂ ನಿಲ್ಲಿಸಿದಳು.

ಆದರೂ ಕಂಪ್ಯೂಟರಿನ ಏದುಸಿರು ಇಳಿಯಲಿಲ್ಲ. ಸೆಟ್ಟಿಂಗ್ಸಿನಲ್ಲಿ ಸ್ಟೋರೇಜ್ ತೆರೆದಾಗ ಕಾರಣ ಕಂಡಿತು. ಸಿ ಡ್ರೈವಿನ ಪಟ್ಟಿ ತುದಿಯವರೆಗೆ ಅಚ್ಚ ಕೆಂಪು. ಉಸಿರಾಡಲು ಜಾಗವಿರಲಿಲ್ಲ. ಯಾವುದನ್ನು ಅಳಿಸಬಹುದೆಂದು ಯಂತ್ರವೇ ಸೂಚಿಸಿತು: ತಾತ್ಕಾಲಿಕ ಕಡತಗಳು, ಹಳೆಯ ಅಪ್‌ಡೇಟಿನ ಕಸ, ರೀಸೈಕಲ್ ಬಿನ್. ಎಲ್ಲದರ ಮುಂದೆ ಗುರುತು. ಕೆಳಗೆ ಒಂದು ಗುಂಡಿ. ಒತ್ತಿದರೆ ಎಲ್ಲ ಸ್ವಚ್ಛ.

ಅವಳ ಬೆರಳು ಗುಂಡಿಯ ಮೇಲೆ ಹೋಗಿ ನಿಂತಿತು.

ರೀಸೈಕಲ್ ಬಿನ್ನಿನ ಗುರುತು ತೆಗೆದಳು. ಅದನ್ನು ಬೇರೆಯಾಗಿ ತೆರೆದು ನೋಡಿದಳು. ಕಸದ ಬುಟ್ಟಿಯಲ್ಲಿದ್ದದ್ದು ಒಂದೇ ವಸ್ತು, ಒಂದು ರೆಕಾರ್ಡಿಂಗು. ‘ಸಂಡೂರು’ ಎಂದು ಅದರ ಹೆಸರು. ಅಳಿಸಿದ್ದು ಆರಾಧನೆಯ ದಿನವೇ. ಮುದ್ರಿಸಿದ್ದು ಹಂಪೇಶ್ ಕಾಣೆಯಾಗುವ ಹಿಂದಿನ ದಿನ.

“ಅವತ್ತು ಸಂಡೂರಿಗೆ ಹೋಗಿದ್ರೇನು?”

“ಹೂಂರಿ. ಅಲ್ಲಿ ಗುಡ್ಡದ್ದೂ ಒಂದು ಗೈಡ್ ಮಾಡ್ತೀನಂತ ಮೈಕ್ ತಗೊಂಡು ಹೋಗಿದ್ರು. ಬಂದ ಮ್ಯಾಲೆ ಉಣ್ಣಲಿಲ್ಲ. ಯಾಕ್ರಿ ಅಂದ್ರ ಮಾತಾಡ್ಲಿಲ್ಲ.”

ಯಶೋಧರಾ ಅದನ್ನು ಬುಟ್ಟಿಯಿಂದ ಮೇಲೆತ್ತಿ ಹಚ್ಚಿದಳು.

ಮೊದಲು ಗಾಳಿ. ಯಾವುದೋ ಹಕ್ಕಿ. ಆಮೇಲೆ ಹಂಪೇಶ್, ನಗುಮೊಗದ ದನಿಯಲ್ಲಿ: “ಈ ಪಾಳು ಮಂಟಪದ ಕಟ್ಟಿ ಮ್ಯಾಲೆ ನಿಂತ್ರ ಗುಡ್ಡದ ಸಾಲೆಲ್ಲ ಕಾಣತೈತಿ...”

ಮಾತು ಅಲ್ಲೇ ತುಂಡಾಯಿತು. ದೂರದಿಂದ ಜೀಪೊಂದು ಏರಿ ಬಂದು ನಿಂತ ಸದ್ದು. ಬಾಗಿಲು ಬಡಿದ ಸದ್ದು. ಇಬ್ಬರು ಗಂಡಸರ ಮಾತು ಗಾಳಿಯಲ್ಲಿ ಹರಿದು ಹರಿದು ಬಂತು.

“...ಅಣ್ಣಗ ತಿಳೀಬಾರದು.”

“ತಿಳದ್ರೆ?”

“ತಿಳಿಯಂಗಿಲ್ರಿ.”

ಆಮೇಲೆ ಮಾತಿರಲಿಲ್ಲ. ಮೈಕಿಗೆ ತೀರ ಹತ್ತಿರದಲ್ಲಿ ಯಾರೋ ಉಸಿರು ಬಿಗಿಹಿಡಿದು ನಿಂತಿದ್ದರು. ಹಿಡಿದ ಉಸಿರು ನಡುಗುತ್ತ ಹೊರಬಂತು. ಟಕ್ ಎಂದು ರೆಕಾರ್ಡಿಂಗು ನಿಂತಿತು.

ಮರುಳಸಿದ್ದಮ್ಮ ಸ್ಪೀಕರಿನ ಮೇಲೆ ಕೈ ಇಟ್ಟಳು, ಜ್ವರ ಬಂದ ಹಣೆ ಮುಟ್ಟುವಂತೆ.

“ಆ ಉಸುರು ಅವ್ರದು,” ಎಂದಳು. “ಮೊದಲ ಮಾತಾಡಿದ್ದು ಮಹಾಂತೇಶ.”

ಆ ದಿನವೆಲ್ಲ ಕಂಪ್ಲಿಯ ಗಿರಣಿ ಬಿಟ್ಟು ಕದಲಿಲ್ಲವೆಂದು ಮಹಾಂತೇಶ ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದ.

ಯಶೋಧರಾ ಕೆಲಸ ಮುಂದುವರಿಸಿದಳು. ಸಂಡೂರಿನ ರೆಕಾರ್ಡಿಂಗನ್ನೂ ಪೆನ್‌ಡ್ರೈವಿಗೆ ಇಳಿಸಿಕೊಂಡಳು. ಹಂಪೇಶನ ಉಳಿದ ಭಾರಿ ರೆಕಾರ್ಡಿಂಗುಗಳನ್ನೆಲ್ಲ ಖಾಲಿ ಬಿದ್ದಿದ್ದ ಡಿ ಡ್ರೈವಿಗೆ ಸಾಗಿಸಿದಳು. ತಾತ್ಕಾಲಿಕ ಕಸ ಅಳಿಸಿದಳು. ಪರದೆಯ ಮೇಲೆ ಕಿಟಕಿಗಳು ತೇಲಿ ಬರುವ, ನೆರಳು ಬೀಳುವ ಅಲಂಕಾರಗಳನ್ನು ಆರಿಸಿದಳು. ಆಮೇಲೆ ಯಂತ್ರವನ್ನು ಒಮ್ಮೆ ಮುಚ್ಚಿ ಮತ್ತೆ ಎಬ್ಬಿಸಿದಳು.

ಉಂಗುರ ನಾಲ್ಕು ಸುತ್ತು ಸುತ್ತಿತೋ ಇಲ್ಲವೋ, ಕಲ್ಲಿನ ರಥ ಬಂದು ನಿಂತಿತು. ಫ್ಯಾನು ತಣ್ಣಗಾಯಿತು.

ಇಬ್ಬರೂ ಕಾದರು. ಸ್ಪೀಕರು ಚುರ್ರೆನ್ನಲಿಲ್ಲ.

“ನಿಂತಿತು ನೋಡ್ರಿ,” ಎಂದು ಯಶೋಧರಾ ತಿರುಗಿದಳು. ಮರುಳಸಿದ್ದಮ್ಮ ಬಿಕ್ಕುತ್ತಿದ್ದಳು.

“ಇನ್ನ ಅದೂ ಮಾತಾಡಂಗಿಲ್ಲೇನ್ರಿ?”

ದಿನಾ ಹೆದರಿ ಸಾಯುತ್ತಿದ್ದರೂ ಈ ಹೆಂಗಸು ದಿನಾ ಬೆಳಿಗ್ಗೆ ತಾನೇ ಬಂದು ಈ ಗುಂಡಿ ಒತ್ತುತ್ತಿದ್ದಳೆಂಬುದು ಯಶೋಧರಾಳಿಗೆ ಆಗಷ್ಟೇ ಹೊಳೆಯಿತು.

ಅಂಗಳದಲ್ಲಿ ಬೈಕು ನಿಂತ ಸದ್ದು.

“ಅತ್ತಿಗೀ!”

ಯಶೋಧರಾಳೊಂದಿಗೆ ಬಂದು ಪಡಸಾಲೆಯಲ್ಲಿ ಕುಳಿತಿದ್ದ ಹೆಡ್ ಕಾನ್‌ಸ್ಟೆಬಲ್ ಉಜ್ಜಿನಪ್ಪ, “ಒಳಗ ಅದಾರ, ಬರ್ರಿ,” ಎಂದು ಬಂದವನನ್ನು ಮುಂದೆ ಬಿಟ್ಟುಕೊಂಡು ತಾನು ಹಿಂದೆ ಬಂದ. ಮಹಾಂತೇಶನ ಕೈಯಲ್ಲಿ ಖಾಲಿ ಗೋಣಿಚೀಲವಿತ್ತು. ಯಶೋಧರಾಳನ್ನು ಕಂಡು ಹೊಸ್ತಿಲಲ್ಲೇ ನಿಂತ.

“ಮೇಡಂ, ನೀವು... ಇಲ್ಲಿ?”

“ಕುಂದ್ರಿ ಮಹಾಂತೇಶ. ಚೀಲ ಯಾಕ ತಂದ್ರಿ?”

“ಈ ಡಬ್ಬಿ ಒಯ್ಯಾಕ್ರಿ. ಭಾಳ ಸ್ಲೋ ಆಗೈತಿ. ಹೊಸಪ್ಯಾಟ್ಯಾಗ ಫಾರ್ಮ್ಯಾಟ್ ಹೊಡಸಿದ್ರ ಗಾಳಿ ಹಂಗ ಓಡತೈತಿ.”

“ಹೊಡಸಲಾರದನ ಓಡಾಕತ್ತೈತಿ. ನೋಡ್ರಿ.”

ಅವಳು ಮತ್ತೊಮ್ಮೆ ಯಂತ್ರವನ್ನು ಮುಚ್ಚಿ ಎಬ್ಬಿಸಿದಳು. ಕಂಪ್ಯೂಟರು ಚಕ್ಕನೆ ಎದ್ದು ಕುಳಿತಿತು. ಮಹಾಂತೇಶ ಪರದೆ ನೋಡಲಿಲ್ಲ, ಸ್ಪೀಕರನ್ನೇ ನೋಡುತ್ತಿದ್ದ. ಹೊತ್ತು ಕಳೆಯಿತು.

“ದನಿ ಬರಲಿಲ್ಲಲ್ಲ...” ಎಂದು ಅವನ ಬಾಯಿಂದ ಜಾರಿತು.

ಯಶೋಧರಾ ಬಾಯಿ ತೆರೆಯುವ ಮೊದಲೇ ಮರುಳಸಿದ್ದಮ್ಮ ಎದ್ದು ನಿಂತಿದ್ದಳು.

“ಯಾವ ದನಿ, ಮಹಾಂತೇಶ?”

“ಅದ... ಕಂಪ್ಯೂಟರ್ ದನಿ...”

“ದನಿ ಸುದ್ದಿ ನಾ ನಿನಗ ಯಾವತ್ತು ಹೇಳಿದ್ದೆ?”

ಅವನು ಹೊಸ್ತಿಲ ಕಡೆ ತಿರುಗಿದ. ಬಾಗಿಲ ತುಂಬ ಉಜ್ಜಿನಪ್ಪ ನಿಂತಿದ್ದ. ಗೋಣಿಚೀಲ ನೆಲಕ್ಕೆ ಬಿತ್ತು. ಯಶೋಧರಾ ಸಂಡೂರಿನ ರೆಕಾರ್ಡಿಂಗನ್ನು ಹಚ್ಚಿದಳು. ತನ್ನದೇ ಮಾತು ಕಿವಿಗೆ ಬೀಳುತ್ತಿದ್ದಂತೆ ಮಹಾಂತೇಶ ಕುಸಿದು ಕುಳಿತ.

“ಅಣ್ಣನ್ನ ನಾ ಏನೂ ಮಾಡಿಲ್ರಿ! ಲಿಂಗ ಮುಟ್ಟಿ ಹೇಳ್ತೀನಿ.”

“ದನಿ ಇಟ್ಟಾಂವ ನೀನ?” ಎಂದಳು ಯಶೋಧರಾ.

“ನಾನ್ರೀ. ಆರಾಧನಿ ಹಿಂದಿನ ದಿನ ಕಂಪ್ಯೂಟರ್ ಕೇಳಿದ್ದೆ, ಅತ್ತಿಗಿ ಕೊಡಂಗಿಲ್ಲ ಅಂದ್ಲು. ಮರುದಿನ ಇಲ್ಲಿ ಕುಂತು ಸಂಡೂರಿಂದು ಅಳಿಸಿದೆ. ಆದ್ರ ಅಳಿಸಿದ್ದೂ ತಿರುಗಿ ತೆಗೀಬಹುದಂತ ಕೇಳಿದ್ದೆ. ಹೆದರಿದ್ರ ತಾನ ಈ ಡಬ್ಬಿ ಬ್ಯಾಡ ಅಂತಾಳ, ಒಯ್ದು ಫಾರ್ಮ್ಯಾಟ್ ಮಾಡಿಸಿ ಎಲ್ಲಾ ಅಳಿಸಿಬಿಡೋಣ ಅಂತ...”

“ಬಾವಿದ್ದ ಯಾಕ ಇಟ್ಟಿ?” ಮರುಳಸಿದ್ದಮ್ಮನ ದನಿ ಅಷ್ಟು ಮೆತ್ತಗಿತ್ತೆಂದರೆ ಯಶೋಧರಾಳಿಗೇ ಭಯವಾಯಿತು. “ಅಷ್ಟು ಮಾತಿದ್ದು, ಅದೊಂದ ಯಾಕ ಆರಿಸಿದಿ?”

ಮಹಾಂತೇಶ ಅರ್ಥವಾಗದವನಂತೆ ನೋಡಿದ. “ಆರಿಸಿಲ್ಲ ಅತ್ತಿಗಿ. ಕೈಗೆ ಮೊದಲ ಸಿಕ್ಕಿದ್ದು ಅದ.”

“ನಡುಮಟ ಆ ಬಾವಿ ನೀರಾಗ ಇಳದಿದ್ದೆ,” ಎಂದಳು ಅವಳು.

ಅವನಿಗೆ ಅದು ಗೊತ್ತಿರಲಿಲ್ಲ. ಮುಖ ಮೊದಲು ಬಿಳಿಚಿತು, ಆಮೇಲೆ ಸುಕ್ಕುಗಟ್ಟಿತು. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡ.

ಯಶೋಧರಾ ಅವನಿಗೆ ಅಳಲು ಬಿಡುವು ಕೊಡಲಿಲ್ಲ.

“ಸಂಡೂರಾಗ ಏನ್ ನಡದಿತ್ತು?”

“ಪಾಳುಗುಡಿಯಾಗ ಒಂದು ಹಿತ್ತಾಳಿ ಬಸವಣ್ಣ ಇತ್ರಿ. ಭಾಳ ಹಳೇದು. ಹಳೇ ಮೂರ್ತಿ ಕೊಳ್ಳೋ ಆ ಮನಷ್ಯಾಗ ತೋರಿಸಿದೆ. ಅಷ್ಟ.”

“ಅಣ್ಣಗ ತಿಳೀತು.”

“ಮರುದಿನ ಫೋನ್ ಮಾಡಿದ. ‘ನಿನ್ನ ಮಾತು ನನ್ನ ರೆಕಾರ್ಡಿನಾಗ ಐತಿ. ಬುಕ್ಕಸಾಗರಕ್ಕ ಬಾ, ಮಂದಿ ಮುಂದ ಬ್ಯಾಡ, ಇಬ್ಬರ ಮಾತಾಡೂಣು’ ಅಂದ. ಬಯ್ಲಿಲ್ರಿ. ಒಂದ ಮಾತೂ ಬಯ್ಲಿಲ್ಲ. ಯಾವ ಮಾರಿ ಹೊತ್ತು ಹೋಗ್ಲಿ? ನಾ ಹೋಗ್ಲಿಲ್ಲ. ಆ ಮನಷ್ಯಾಗ ಫೋನ್ ಹಚ್ಚಿ ಹೇಳಿದೆ, ಅಣ್ಣ ಅಲ್ಲಿ ಕಾಯಾಕತ್ತಾನ ಅಂತ.”

“ಯಾರಂವ?”

“ಹೆಸರು ಕೇಳಬ್ಯಾಡ್ರಿ. ಹೇಳಿದ್ರ ನನ್ನ ಚಪ್ಪಲೀನೂ ಹೊಳಿ ದಂಡ್ಯಾಗ ಸಿಗತಾವು.”

“ಈ ಕಂಪ್ಯೂಟರಿನಾಗ ನೀ ಬ್ಯಾರೆ ಏನೇನು ಹಾಕಿದಿ?”

“ಏನೂ ಇಲ್ರಿ. ಆ ದನಿ ಒಂದ.”

ಅವನು ಸುಳ್ಳು ಹೇಳುತ್ತಿರುವನೋ ಎಂದು ಯಶೋಧರಾ ಮತ್ತೆ ಟಾಸ್ಕ್ ಮ್ಯಾನೇಜರನ್ನು ತೆರೆದಳು. ಗದ್ದಲವೆಲ್ಲ ಅಡಗಿದ್ದರಿಂದ ಈಗ ಅಲ್ಲಿ ಎಲ್ಲವೂ ಸೊನ್ನೆಯ ಹತ್ತಿರ ಮಲಗಿರಬೇಕಿತ್ತು. ಮಲಗಿಯೂ ಇತ್ತು, ಒಂದನ್ನು ಬಿಟ್ಟು. ನೆಟ್‌ವರ್ಕಿನ ಗೆರೆ ಏಳುತ್ತಿತ್ತು, ಬೀಳುತ್ತಿತ್ತು, ಮತ್ತೆ ಏಳುತ್ತಿತ್ತು. ಅಷ್ಟು ದಿನ ನೂರು ಕೆಲಸಗಳ ಸಂದಣಿಯಲ್ಲಿ ಬಚ್ಚಿಟ್ಟುಕೊಂಡಿದ್ದ ಯಾವುದೋ ಒಂದು, ತೆರವಾದ ಬಯಲಿನಲ್ಲಿ ಒಂಟಿಯಾಗಿ ಕಂಡಿತ್ತು. ಈ ಯಂತ್ರದಿಂದ ಏನೋ ಹೊರಗೆ ಹೋಗುತ್ತಲೇ ಇತ್ತು.

ಅವಳು ಅದರ ಹೆಸರು ಓದಲೆಂದು ಬಗ್ಗಿದಳು. ಮೌಸನ್ನು ಮುಟ್ಟಿರಲಿಲ್ಲ.

ಪರದೆಯ ಮೇಲಿನ ಬಾಣ ತಾನಾಗಿ ಅಲುಗಿತು.

“ಮೇಡಂ...” ಎಂದ ಉಜ್ಜಿನಪ್ಪ. ಮಹಾಂತೇಶನ ಎರಡೂ ರಟ್ಟೆಗಳು ಅವನ ಹಿಡಿತದಲ್ಲಿದ್ದವು.

ಬಾಣ ಅವಸರವಿಲ್ಲದೆ ಪರದೆಯನ್ನು ದಾಟಿತು. ಟಾಸ್ಕ್ ಮ್ಯಾನೇಜರನ್ನು ಮುಚ್ಚಿತು. ನೋಟ್‌ಪ್ಯಾಡನ್ನು ತೆರೆಯಿತು. ಖಾಲಿ ಹಾಳೆಯ ಮೇಲೆ ಕನ್ನಡದ ಅಕ್ಷರಗಳು ಒಂದೊಂದಾಗಿ ಮೂಡಿದವು.

‘ಮರುಳೀ.’

ಮರುಳಸಿದ್ದಮ್ಮನ ಎದೆಯಿಂದ ಹೊರಟ ಸದ್ದು ಅಳುವೂ ಅಲ್ಲ, ನಗುವೂ ಅಲ್ಲ.

“ಅವ್ರು! ಹಂಗ ಕರಿಯೋರು ಅವ್ರೊಬ್ರ! ಮಂದಿ ಮುಂದ ಒಮ್ಮೆನೂ ಕರದಿಲ್ಲ!”

“ತಡೀರಿ ಅಕ್ಕ...”

ತಡೆಯಲಾಗಲಿಲ್ಲ. ಅವಳು ಯಶೋಧರಾಳನ್ನು ಸರಿಸಿ ಕುರ್ಚಿಯಲ್ಲಿ ಕುಳಿತು, ಕೀಲಿ ಹುಡುಕಿ ಹುಡುಕಿ ಒತ್ತಿದಳು. ‘ಎಲ್ಲಿದ್ದೀರಿ?’

ಅಕ್ಷರಗಳು ಮತ್ತೆ ಹುಟ್ಟಿದವು.

‘ಅರಾಮ ಅದೀನಿ. ಬರ್ತೀನಿ. ಸಂಡೂರಿನ ರೆಕಾರ್ಡು ಸಿಕ್ಕಿತೇನು?’

ಅದನ್ನೋದಿದ ಮಹಾಂತೇಶ ಉಜ್ಜಿನಪ್ಪನ ಕೈಯಲ್ಲಿ ಕೊಸರಾಡಿ ಚೀರಿದ.

“ಬರೀಬ್ಯಾಡ ಅತ್ತಿಗಿ! ಅದು ಅಣ್ಣ ಅಲ್ಲ!”

ಅವಳಿಗೆ ಅದು ಕೇಳಿಸಲಿಲ್ಲ. ‘ಸಿಕ್ಕೈತಿ’ ಎಂದು ಆಗಲೇ ಬರೆದು ಮುಗಿಸಿದ್ದಳು.

ಯಶೋಧರಾ ಗೋಡೆಯ ಸ್ವಿಚ್ಚಿನತ್ತ ಕೈ ಚಾಚಿ, ಅರ್ಧದಲ್ಲೇ ನಿಲ್ಲಿಸಿದಳು. ಆರಿಸಿದರೆ ಆ ಕಡೆಯವನ ಜಾಡು ಈಗಲೇ ತಪ್ಪುತ್ತದೆ. ಆರಿಸದಿದ್ದರೆ ಇವಳ ಬಾಯಿಂದ ಇನ್ನೇನು ಹೊರಡುವುದೋ. ಆಗ ಅವಳ ಕಣ್ಣು ಪರದೆಯ ಮೇಲಂಚಿಗೆ ಹೋಯಿತು. ವಿದೇಶದ ಅತಿಥಿಗಳೊಂದಿಗೆ ಮುಖ ನೋಡಿ ಮಾತಾಡಲು ಸಿಕ್ಕಿಸಿದ್ದ ಕ್ಯಾಮೆರಾದ ಪಕ್ಕ ಸಾಸಿವೆಯಷ್ಟು ನೀಲಿ ಬೆಳಕು ಹೊತ್ತಿಕೊಂಡಿತ್ತು; ಯಾರೋ ಆ ಕಡೆಯಿಂದ ಅವರನ್ನು ನೋಡುತ್ತಿದ್ದರು.

ಯಶೋಧರಾ ಖಾಕಿಯಲ್ಲಿರಲಿಲ್ಲ. ಹಳೆಯ ಹತ್ತಿ ಸೀರೆ ಉಟ್ಟು, ಉಜ್ಜಿನಪ್ಪನನ್ನು ಬಿಟ್ಟು ಯಾರಿಗೂ ಹೇಳದೆ ಬಂದಿದ್ದಳು.

ಹಾಳೆಯ ಮೇಲೆ ಹೊಸ ಸಾಲೊಂದು ಮೂಡಿತು.

‘ಯಶೋಧರಾ ಮೇಡಂ, ನೀವು ಸ್ವಲ್ಪ ಹೊರಗ ನಡೀರಿ. ಇದು ಗಂಡ ಹೆಂಡ್ತಿ ಮಾತು.’